ಸಂಸಾರದ ಖರ್ಚು, ಹಂಗಾಮಿನ ಲೆಕ್ಕ

ಮನೆಖರ್ಚಿನಲ್ಲಿ ಮೂರು ಬಗೆ. ಬಾಡಿಗೆ, ಸಾಲದ ಕಂತು, ಶಾಲೆಯ ಫೀ ತಿಂಗಳು ತಿಂಗಳು ತಪ್ಪದೆ ಬರುವಂಥವು. ದಿನಸಿ, ಕಾಯಿಪಲ್ಯ, ಗ್ಯಾಸ್, ಕರೆಂಟು, ನೀರು, ಪೆಟ್ರೋಲ್ ಬಳಸಿದಷ್ಟೂ ಏರುವಂಥವು. ಆಸ್ಪತ್ರೆ, ಮದುವೆ, ರಿಪೇರಿ ಹೇಳದೆ ಕೇಳದೆ ಎರಗುವಂಥವು. ಮೊದಲನೆಯದನ್ನು ಕೂಡಲೇ ತಗ್ಗಿಸಲು ಬರುವುದಿಲ್ಲ, ಮೂರನೆಯದು ಯಾವಾಗ ಬಂದೀತೆಂದು ಯಾರಿಗೂ ತಿಳಿಯದು. ಗೃಹಸ್ಥರ ಹಿಡಿತಕ್ಕೆ ಸಿಗುವುದು ನಡುವಿನದು ಮಾತ್ರ. ಅಲ್ಲಿ ಉಳಿದದ್ದೇ ಮುಂದೆ ಮೂರನೆಯದಕ್ಕೆ ಆಸರೆ.

ಈ ಲೆಕ್ಕವನ್ನು ಹತ್ತಿರದಿಂದ ನೋಡಲು ಬೆಳಗಾವಿಯ ಅನಗೋಳ ತಕ್ಕ ಜಾಗ. ನಗರದ ದಕ್ಷಿಣ ಅಂಚಿನ ಈ ಬಡಾವಣೆಗೆ ಒಂದು ಬದಿಯಲ್ಲಿ ಟಿಳಕವಾಡಿಯ ಪೇಟೆ, ಇನ್ನೊಂದು ಬದಿಯಲ್ಲಿ ಉದ್ಯಮಬಾಗದ ಕಾರ್ಖಾನೆಗಳು. ವಡಗಾವಿ, ಶಹಾಪುರಗಳ ನೇಕಾರರ ಓಣಿಗಳು ದೂರವಿಲ್ಲ. ಮಜಗಾವಿ, ಯಳ್ಳೂರಿನ ಭತ್ತದ ಗದ್ದೆಗಳು ಕಣ್ಣಳತೆಯಲ್ಲೇ ಇವೆ. ಖಾನಾಪುರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ತಿಂಗಳ ಸಂಬಳದವರು, ದಿನಗೂಲಿಯವರು, ಮನೆಯಲ್ಲಿ ಇನ್ನೂ ಒಂದಿಷ್ಟು ಹೊಲ ಉಳಿಸಿಕೊಂಡವರು ಒಂದೇ ಓಣಿಯಲ್ಲಿ ಇದ್ದಾರೆ. ಪೇಟೆಯೂ ಹೊಲವೂ ಇಷ್ಟು ಸಮೀಪವಿದ್ದಾಗ, ಯಾವ ವಸ್ತುವನ್ನು ಯಾವಾಗ, ಎಷ್ಟು ಕೊಳ್ಳಬೇಕು ಎಂಬ ತಿಳಿವಳಿಕೆಯೇ ಅರ್ಧ ಉಳಿತಾಯ.

ಎಲ್ಲಿ ಹೋಗುತ್ತದೆ ಹಣ?

ಆದಾಯ ಹೆಚ್ಚಿದಂತೆ ಅದರಲ್ಲಿ ಊಟಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ ಎಂದು ಜರ್ಮನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದ. ಅದನ್ನು ತಿರುವಿ ನೋಡಿದರೆ, ಆದಾಯ ಕಡಿಮೆಯಿದ್ದಷ್ಟೂ ಅಡುಗೆಮನೆಯ ಲೆಕ್ಕಕ್ಕೆ ತೂಕ ಹೆಚ್ಚು. ಭಾರತ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ. ಅದರಲ್ಲಿ ಆಹಾರದ ಪಾಲು ಹಳ್ಳಿಯಲ್ಲಿ ಸುಮಾರು ಶೇ. 47, ನಗರದಲ್ಲಿ ಸುಮಾರು ಶೇ. 40. ಅದೇ ಸಮೀಕ್ಷೆ ಹೇಳುವ ಇನ್ನೊಂದು ಸಂಗತಿ ಗಮನಿಸಬೇಕಾದದ್ದು: ನಗರದ ಮನೆಗಳಲ್ಲಿ ಆಹಾರದ ಬಾಬಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹಣ ಹೋಗುವುದು ಪಾನೀಯ, ಪೊಟ್ಟಣದ ತಿನಿಸು ಮತ್ತು ಹೊರಗಿನ ಸಿದ್ಧ ಆಹಾರಕ್ಕೆ. ಅಕ್ಕಿ, ಗೋಧಿ, ಜೋಳದಂಥ ಧಾನ್ಯಗಳಿಗೆ ಆಗುವ ಖರ್ಚಿನ ದುಪ್ಪಟ್ಟಿಗೂ ಮಿಕ್ಕಿ ಅದಕ್ಕೆ ಹೋಗುತ್ತದೆ. ಸಂತೆಯಲ್ಲಿ ಅಕ್ಕಿಗೆ ಎರಡು ರೂಪಾಯಿ ಚೌಕಾಸಿ ಮಾಡಿ ಬಂದ ಮನೆಯಲ್ಲೇ ಕುರುಕಲು, ತಂಪು ಪಾನೀಯಕ್ಕೆ ಅದರ ಹತ್ತು ಪಟ್ಟು ಹೋಗುವುದುಂಟು.

ಆದ್ದರಿಂದ ಮೊದಲ ಕೆಲಸ ಬರೆದಿಡುವುದು. ಒಂದು ವಹಿ, ಒಂದು ಪೆನ್ನು ಸಾಕು. ದಿನಸಿ, ಕಾಯಿಪಲ್ಯ ಮತ್ತು ಹಾಲು, ಇಂಧನ ಮತ್ತು ಕರೆಂಟು, ಓಡಾಟ, ಔಷಧ, ಹೊರಗಿನ ತಿಂಡಿ ಎಂದು ಆರು ಅಂಕಣ ಹಾಕಿ, ರಾತ್ರಿ ಮಲಗುವ ಮುನ್ನ ಆ ದಿನದ ಖರ್ಚು ಬರೆಯಬೇಕು. ಮೊಬೈಲಿನಿಂದ ಕೊಟ್ಟ ಹಣವನ್ನೂ ಬಿಡಬಾರದು. ನೋಟು ಎಣಿಸಿ ಕೊಡುವಾಗ ಆಗುವ ಎಚ್ಚರ ಮೊಬೈಲ್ ತೋರಿಸಿ ಕೊಡುವಾಗ ಆಗುವುದಿಲ್ಲ. ದಿನಕ್ಕೆ 20 ರೂಪಾಯಿ ಎಂಬುದು ತಿಂಗಳಿಗೆ 600, ವರ್ಷಕ್ಕೆ 7,300 ರೂಪಾಯಿ. ಮೂರು ತಿಂಗಳು ಬರೆದರೆ ಯಾವ ಅಂಕಣ ಉಬ್ಬಿದೆ ಎಂಬುದು ತಾನಾಗಿ ಕಾಣುತ್ತದೆ, ಕಡಿತ ಎಲ್ಲಿಂದ ಆರಂಭವಾಗಬೇಕು ಎಂಬುದಕ್ಕೆ ಬೇರೆ ಸಲಹೆಗಾರರು ಬೇಕಾಗುವುದಿಲ್ಲ.

ವರ್ಷದ ಕಾಳುಕಡಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆಯಲ್ಲಿ ವರ್ಷಕ್ಕೆ ಬೇಕಾಗುವಷ್ಟು ಕಾಳುಕಡಿ ತುಂಬಿಕೊಳ್ಳುವ ರೂಢಿ ಹಳೆಯದು. ಸುಗ್ಗಿಯಲ್ಲಿ ಮಾಲು ಪೇಟೆಗೆ ಒಮ್ಮೆಲೇ ಬಂದು ದರ ಇಳಿಯುತ್ತದೆ, ಮಳೆಗಾಲದ ಹೊತ್ತಿಗೆ ದಾಸ್ತಾನು ಕರಗಿ ದರ ಏರುತ್ತದೆ. ಈ ಏರಿಳಿತದ ಲಾಭ ದಲ್ಲಾಳಿಗೆ ಹೋಗದೆ ಮನೆಗೇ ಉಳಿಯಲಿ ಎಂಬುದೇ ಆ ರೂಢಿಯ ಹುರುಳು.

ಇದಕ್ಕೊಂದು ಕ್ರಮವಿದೆ. ಬೆಳಗಾವಿ, ಖಾನಾಪುರ ಭಾಗದ ಭತ್ತ ನವೆಂಬರ್, ಡಿಸೆಂಬರಿನಲ್ಲಿ ಕಟಾವಾಗುತ್ತದೆ. ಇಂದ್ರಾಯಣಿ, ಬೆಳಗಾವಿ ಬಾಸುಮತಿ ಬೇಕೆನ್ನುವವರು ಆಗಲೇ ರೈತರಿಂದಲೋ ಅಕ್ಕಿ ಗಿರಣಿಯಿಂದಲೋ ಕೊಳ್ಳುತ್ತಾರೆ. ಹೊಸ ತೊಗರಿ ಜನವರಿ, ಫೆಬ್ರುವರಿಯಲ್ಲಿ ಬರುತ್ತದೆ. ಹಿಂಗಾರಿ ಬಿಳಿಜೋಳ ಫೆಬ್ರುವರಿ, ಮಾರ್ಚಿನಲ್ಲಿ, ಹುಣಸೆ ಹಣ್ಣು ಅದರ ಹಿಂದೆಯೇ. ಕಬ್ಬು ನುರಿಸುವ ಹಂಗಾಮು ಮುಗಿಯುವ ಮೊದಲು ಬೆಲ್ಲ ಕೊಳ್ಳಬೇಕು. ಮಳೆಗಾಲಕ್ಕೆಂದು ಇಡುವ ಉಳ್ಳಾಗಡ್ಡಿ ಏಪ್ರಿಲ್, ಮೇ ತಿಂಗಳಿನ ಬೇಸಿಗೆ ಬೆಳೆಯದಾಗಿರಬೇಕು. ಮುಂಗಾರಿ ಉಳ್ಳಾಗಡ್ಡಿಗೆ ತೇವ ಹೆಚ್ಚು, ಬೇಗ ಕೊಳೆಯುತ್ತದೆ.

ಖಾರದಪುಡಿಯ ಮಾತು ತೆಗೆದುಕೊಂಡರೆ ಲೆಕ್ಕ ಇನ್ನಷ್ಟು ಸ್ಪಷ್ಟ. ವರ್ಷದ ಮಸಾಲೆ ಖಾರ ಮಾಡುವ ಮನೆಯಲ್ಲಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಅಥವಾ ಗುಂಟೂರು ಮೆಣಸಿನಕಾಯಿ ತರುತ್ತಾರೆ. ಹೊಸ ಮಾಲು ಹೇರಳವಾಗಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಬಿಸಿಲಿಗೆ ಹರವಿ, ಮುರಿದರೆ ಚಟ್ಟೆಂದು ಸಪ್ಪಳ ಬರುವಷ್ಟು ಒಣಗಿಸಿ, ತೊಟ್ಟು ಮುರಿಯುತ್ತಾರೆ. ಕೊತ್ತಂಬರಿ ಬೀಜ, ಜೀರಿಗೆ, ಒಣಕೊಬ್ಬರಿ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಲವಂಗ, ಚಕ್ಕೆಗಳನ್ನು ಬೇರೆ ಬೇರೆಯಾಗಿ ಹುರಿದು ಕುಟ್ಟಿಸಿ ತರುತ್ತಾರೆ. ಪೂರಾ ಆರಿದ ಮೇಲೆ ಚೀನಿ ಭರಣಿಗೆ ತುಂಬಿ, ನಡುವೆ ಇಂಗಿನ ಹರಳಿಟ್ಟು, ಬಾಯಿಗೆ ಬಟ್ಟೆ ಬಿಗಿಯುತ್ತಾರೆ. ಹಸಿ ಚಮಚ ತಾಗದಿದ್ದರೆ ಮುಂದಿನ ಬೇಸಿಗೆಯ ತನಕ ಕೆಡುವುದಿಲ್ಲ. ನೂರು ಗ್ರಾಂ ಪೊಟ್ಟಣ ಕೊಳ್ಳುವಾಗ ಪೊಟ್ಟಣ, ಜಾಹೀರಾತು, ಮೂರ್ನಾಲ್ಕು ಕೈಗಳ ಲಾಭ ಎಲ್ಲ ಸೇರಿ ದರವಾಗುತ್ತದೆ. ಇಲ್ಲಿ ಕೊಡುವುದು ಮಾಲಿನ ಬೆಲೆ ಮತ್ತು ಕುಟ್ಟಿಸುವ ಕೂಲಿ ಮಾತ್ರ, ಕಲಬೆರಕೆಯ ಭಯವೂ ಇಲ್ಲ.

ತುಂಬಿಕೊಂಡದ್ದು ಹುಳು ಬಿದ್ದರೆ ಉಳಿತಾಯವೆಲ್ಲ ನಷ್ಟ. ಜೋಳ, ಗೋಧಿಯನ್ನು ಬಿಸಿಲಿಗೆ ಹಾಕಿ, ಆರಿಸಿ, ಒಣ ಬೇವಿನ ಎಲೆಯೊಂದಿಗೆ ಇಡುವುದು, ಬೇಳೆಕಾಳಿಗೆ ತೆಳುವಾಗಿ ಔಡಲೆಣ್ಣೆ ಸವರುವುದು ಈ ಭಾಗದ ಪರೀಕ್ಷಿತ ಉಪಾಯಗಳು. ಬೆಳಗಾವಿಯ ಮಳೆಗಾಲದ ತೇವಕ್ಕೆ ಚೀಲಕ್ಕಿಂತ ಬಿಗಿ ಮುಚ್ಚಳದ ಡಬ್ಬಿಯೇ ಲೇಸು, ಡಬ್ಬಿ ನೆಲಕ್ಕೆ ತಾಗದೆ ಹಲಗೆಯ ಮೇಲಿರಬೇಕು. ಸಾಲ ಮಾಡಿ ವರ್ಷದ ಕಾಳು ತುಂಬಬಾರದು, ಬಡ್ಡಿಯೇ ಲಾಭವನ್ನು ನುಂಗುತ್ತದೆ. ಒಮ್ಮೆಲೇ ಅಷ್ಟು ಹಣ ಜೋಡಿಸಲಾಗದವರು ನಾಲ್ಕು ಮನೆ ಸೇರಿ ಒಂದು ಕ್ವಿಂಟಲ್ ತರಿಸಿ ಹಂಚಿಕೊಂಡರೆ ಸಗಟು ದರದ ಅನುಕೂಲ ಅವರಿಗೂ ಸಿಗುತ್ತದೆ. ಪಡಿತರ ಚೀಟಿಯ ಅಕ್ಕಿ ಬರುವ ಮನೆಗಳು ಅದನ್ನು ಮೊದಲು ಲೆಕ್ಕಕ್ಕೆ ಹಿಡಿದು ಉಳಿದದ್ದನ್ನಷ್ಟೇ ಕೊಳ್ಳಬೇಕು.

ಕಾಯಿಪಲ್ಯದ ಪೇಟೆ

ಬೆಳಗಾವಿಯ ಕಾಯಿಪಲ್ಯ ದಿನವೂ ಗೋವಾಕ್ಕೆ ಹೋಗುತ್ತದೆ. ಗಣೇಶ ಚೌತಿಯ ಹೊತ್ತಿಗೆ ಅಲ್ಲಿ ಬೇಡಿಕೆ ಏರಿದರೆ ಇಲ್ಲಿಯೂ ದರ ಏರುತ್ತದೆ. ಆ ವಾರಗಳಲ್ಲಿ ಹೆಸರುಕಾಳು, ಮಡಕೆಕಾಳಿನ ಮೊಳಕೆ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳು ತಟ್ಟೆ ತುಂಬುತ್ತವೆ. ರೊಟ್ಟಿ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇರುವ ಊಟ ಅಗ್ಗದ್ದು, ಪುಷ್ಟಿಯದ್ದೂ ಹೌದು. ಹೊಲದ ಬದುವಿನಿಂದ ಬರುವ ಹತ್ತರಕಿ, ಕಿರಕಸಾಲಿ, ಪುಂಡಿಪಲ್ಯಗಳು ದೂರದಿಂದ ಬಂದ ದುಬಾರಿ ತರಕಾರಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಖಾನಾಪುರ ತಾಲ್ಲೂಕಿನ ಮಳೆನಾಡಿಗೆ ತನ್ನದೇ ಹಂಗಾಮಿದೆ. ಮಳೆಗಾಲದ ನಂತರ ಗೆಣಸು, ಬೇಸಿಗೆಯಲ್ಲಿ ಹಲಸು, ಗೋಡಂಬಿ, ಕೋಕಂ. ಬೆಳಗಾವಿ ಮತ್ತು ಖಾನಾಪುರದ ಗೆಣಸು ಉತ್ತರ ಭಾರತದ ಪೇಟೆಗಳ ತನಕ ಹೋಗುತ್ತದೆ. ಅದು ಹೇರಳವಾಗಿರುವ ತಿಂಗಳುಗಳಲ್ಲಿ ಮಕ್ಕಳ ಸಂಜೆಯ ತಿನಿಸಿಗೆ ಬೇಯಿಸಿದ ಗೆಣಸು ಬಿಸ್ಕತ್ತಿಗಿಂತ ಅಗ್ಗ, ಹೊಟ್ಟೆಗೂ ಹಿತ. ಒಣಗಿಸಿದ ಕೋಕಂ ಸಿಪ್ಪೆ ಸಾರಿಗೆ ವರ್ಷವಿಡೀ ಹುಳಿಯಾಗುತ್ತದೆ.

ಪೊಟ್ಟಣದ ಮೇಲಿನ ಅಕ್ಷರ

ಅಂಗಡಿಯ ಕಪಾಟಿನಲ್ಲಿ ದರ ನೋಡುವವರು ಬಹಳ, ತೂಕ ನೋಡುವವರು ಕಡಿಮೆ. ಕಂಪನಿಗಳು ಬೆಲೆ ಏರಿಸದೆ ತೂಕ ಇಳಿಸುವುದು ಈಗ ಸಾಮಾನ್ಯ. ಅಡುಗೆ ಎಣ್ಣೆಯಲ್ಲಿ ಇದು ಎದ್ದು ಕಾಣುತ್ತದೆ. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಅದೇ ಅಳತೆಯದೆಂದು ಕಾಣುವ ಪಾಕೀಟಿನ ಮೇಲೆ 850 ಗ್ರಾಂ ಎಂದಿರಬಹುದು. ಉದಾಹರಣೆಗೆ 910 ಗ್ರಾಂ ಪಾಕೀಟಿಗೆ 150 ರೂಪಾಯಿ, 850 ಗ್ರಾಂ ಪಾಕೀಟಿಗೆ 145 ರೂಪಾಯಿ ಇದ್ದರೆ ಐದು ರೂಪಾಯಿ ಉಳಿಯಿತು ಎನಿಸುತ್ತದೆ. ಭಾಗಿಸಿ ನೋಡಿದರೆ ಮೊದಲನೆಯದರಲ್ಲಿ ನೂರು ಗ್ರಾಂಗೆ 16.48 ರೂಪಾಯಿ, ಎರಡನೆಯದರಲ್ಲಿ 17.06 ರೂಪಾಯಿ. ಅಗ್ಗವೆನಿಸಿದ್ದೇ ದುಬಾರಿ.

ಪ್ರತಿ ಗ್ರಾಂ ಅಥವಾ ಮಿಲಿಲೀಟರಿನ ದರವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಕಾನೂನು ಮಾಪನ ನಿಯಮಗಳೇ ಹೇಳುತ್ತವೆ. ಕೊಳ್ಳುವವರು ಅದನ್ನು ಓದುವ ರೂಢಿ ಮಾಡಿಕೊಳ್ಳಬೇಕು. ಎಂಆರ್‌ಪಿ ಎಂಬುದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಕೊಡಬಾರದು ಎಂದೇನಿಲ್ಲ. ಒಂದು ಕೊಂಡರೆ ಒಂದು ಉಚಿತ ಎಂಬ ಮಾಲು ಅವಧಿ ಮುಗಿಯುವ ಮೊದಲು ಮನೆಯಲ್ಲಿ ಖರ್ಚಾಗುತ್ತದೆಯೇ ಎಂದು ದಿನಾಂಕ ನೋಡಿಯೇ ತರಬೇಕು. ಚೀಟಿ ಬರೆದುಕೊಂಡು ಹೋಗುವುದು, ಊಟ ಮಾಡಿ ಹೋಗುವುದು, ಇವೆರಡು ಪಾಲಿಸಿದರೆ ಬೇಡದ ಸಾಮಾನು ಅರ್ಧ ಕಡಿಮೆಯಾಗುತ್ತದೆ.

ಒಲೆಯ ಮುಂದೆ

ಮನೆಗೆ ಬರುವ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ. ಹಚ್ಚಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದರೆ ಎಷ್ಟು ದಿನ ಬಂತು ಎಂಬುದು ತಿಳಿಯುತ್ತದೆ, ಇದ್ದಕ್ಕಿದ್ದಂತೆ ನಾಲ್ಕೈದು ದಿನ ಕಡಿಮೆಯಾದರೆ ಕಾರಣ ಹುಡುಕಬಹುದು. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ಸ್ವಚ್ಛ ಮಾಡಿಸಬೇಕು. ಉರಿ ಪಾತ್ರೆಯ ತಳ ದಾಟಿ ಹೊರಗೆ ಬಂದರೆ ಆ ಅನಿಲ ಗಾಳಿಗೆ ಹೋದಂತೆಯೇ. ಕಾಳುಗಳನ್ನು ರಾತ್ರಿ ನೆನೆಹಾಕುವುದು, ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿ ಮೂರನ್ನೂ ಒಟ್ಟಿಗೆ ಇಡುವುದು, ಸೀಟಿ ಬಂದ ಮೇಲೆ ಉರಿ ತಗ್ಗಿಸುವುದು, ಪಾತ್ರೆಗೆ ಮುಚ್ಚಳ ಹಾಕುವುದು ಸಣ್ಣ ಸಂಗತಿಗಳು. ದಿನಕ್ಕೆ ಎರಡು ಹೊತ್ತು ವರ್ಷವಿಡೀ ನಡೆಯುವುದರಿಂದ ಅವುಗಳ ಮೊತ್ತ ದೊಡ್ಡದು.

ಒಮ್ಮೆ ಒಲೆ ಹಚ್ಚಿ ಹೆಚ್ಚು ದಿನಕ್ಕಾಗುವಷ್ಟು ಮಾಡುವ ಖಡಕ್ ರೊಟ್ಟಿ ಇಂಧನ ಉಳಿಸುವ ಅಡುಗೆ, ವಾರಗಟ್ಟಲೆ ಕೆಡುವುದಿಲ್ಲ. ಉಳಿದ ರೊಟ್ಟಿ, ಚಪಾತಿಯನ್ನು ಮುರಿದು ಒಗ್ಗರಣೆ ಹಾಕಿದರೆ ಮುಂಜಾನೆಯ ತಿಂಡಿ. ಉಳಿದ ಅನ್ನಕ್ಕೆ ಚಿತ್ರಾನ್ನ, ಮೊಸರನ್ನ ಇದ್ದೇ ಇದೆ. ಜೋಳದ ನುಚ್ಚಿಗೆ ಮಜ್ಜಿಗೆ ಕೂಡಿದರೆ ಬೇಸಿಗೆಯ ಊಟವಾಗುತ್ತದೆ. ಅನ್ನ ಚೆಲ್ಲಬಾರದು ಎಂಬ ಹಿರಿಯರ ಮಾತಿನಲ್ಲಿ ಧರ್ಮದ ಜತೆಗೆ ಲೆಕ್ಕವೂ ಇದೆ.

ಇನ್ನೂರು ಯೂನಿಟ್ಟಿನ ಗೆರೆ

ಬೆಳಗಾವಿಗೆ ಕರೆಂಟು ಕೊಡುವುದು ಹೆಸ್ಕಾಂ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಬಹಳ ಮನೆಗಳ ಬಿಲ್ಲು ಸೊನ್ನೆಯಾಗಿದೆ. ಇನ್ನು ಕರೆಂಟು ಉಳಿಸುವುದೇಕೆ ಎಂಬ ಭಾವನೆಯೂ ಅಲ್ಲಲ್ಲಿ ಬಂದಿದೆ. ಯೋಜನೆಯ ನಿಯಮ ತಿಳಿದರೆ ಆ ಭಾವನೆ ನಿಲ್ಲದು. ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಮಿತಿ ಗೊತ್ತುಮಾಡಲಾಗಿದೆ. ಅದನ್ನು ದಾಟಿದ ಯೂನಿಟ್ಟಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಮನೆಯವರದು. 195ರ ಆಸುಪಾಸಿನಲ್ಲಿರುವ ಮನೆಗೆ ಹತ್ತು ಯೂನಿಟ್ ಎಂಬುದು ಇಡೀ ಬಿಲ್ಲಿನ ಪ್ರಶ್ನೆ.

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಈ ಒಂದು ಸೂತ್ರದಿಂದ ಮನೆಯ ಎಲ್ಲ ಉಪಕರಣಗಳ ಲೆಕ್ಕ ತೆಗೆಯಬಹುದು. 2,000 ವ್ಯಾಟಿನ ಗೀಜರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. 75 ವ್ಯಾಟಿನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ 27 ಯೂನಿಟ್, ಅದರ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 11 ಯೂನಿಟ್ ಕೂಡ ಆಗುವುದಿಲ್ಲ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆಗೆ ತಿಂಗಳಲ್ಲಿ 9 ಯೂನಿಟ್ ತಿನ್ನುತ್ತದೆ, ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ ಸಾಕು. ಹತ್ತು ವ್ಯಾಟ್ ಎಳೆಯುವ ಸೆಟ್‌ಟಾಪ್ ಬಾಕ್ಸನ್ನು ರಿಮೋಟಿನಿಂದಷ್ಟೇ ಆರಿಸಿ ಬಿಟ್ಟರೆ ನೋಡದಿದ್ದರೂ 7 ಯೂನಿಟ್ ಹೋಗಬಹುದು. ಗ್ಯಾಸ್ ಉಳಿಸಲು ಇಂಡಕ್ಷನ್ ಒಲೆ ತಂದ ಮನೆಗಳು ಈ ಗೆರೆಯನ್ನು ಮರೆಯಬಾರದು.

ಹೆಚ್ಚು ತಿನ್ನುವುದು ಗೀಜರ್ ಎಂದಾದ ಮೇಲೆ ಅದಕ್ಕೆ ಮದ್ದು ಸೌರ ನೀರು ಕಾಯಿಸುವ ಯಂತ್ರ. ಬೆಳಗಾವಿಯ ಮೋಡದ ದಿನಗಳಲ್ಲಿ ಅದು ಅಷ್ಟಾಗಿ ಕಾಯಿಸದು, ಉಳಿದ ತಿಂಗಳುಗಳ ಉಳಿತಾಯವೇ ಸಾಕಷ್ಟು. ಗೃಹಜ್ಯೋತಿಯ ಮಿತಿಗೆ ಹೊಂದದ ದೊಡ್ಡ ಮನೆಗಳಿಗೆ 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ಇದೆ. ಛಾವಣಿಯ ಸೌರ ಫಲಕಕ್ಕೆ ಅದರಡಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು.

ಛಾವಣಿಯ ಮೇಲೆ ಬೀಳುವ ಲಕ್ಷ ಲೀಟರ್

ಬೆಳಗಾವಿ ನಗರಕ್ಕೆ ನೀರು ಬರುವುದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯ ಮತ್ತು ಘಟಪ್ರಭೆಯ ಹಿಡಕಲ್ ಜಲಾಶಯದಿಂದ. ಬೇಸಿಗೆಯಲ್ಲಿ ಕೊರತೆಯಾದಾಗ ಟ್ಯಾಂಕರಿಗೆ ಹಣ ಸುರಿಯಬೇಕಾಗುತ್ತದೆ. ಆದರೆ ಇದು ಮಳೆ ಕಡಿಮೆಯಿರುವ ಊರಲ್ಲ. ವರ್ಷಕ್ಕೆ 1,200 ಮಿಲಿಮೀಟರಿಗೆ ಕಡಿಮೆಯಿಲ್ಲದ ಸರಾಸರಿ ಮಳೆ ಇಲ್ಲಿದೆ, ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಡೆ ಇದಕ್ಕಿಂತ ಎಷ್ಟೋ ಹೆಚ್ಚು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಛಾವಣಿಯಿಂದ ಐದನೇ ಒಂದು ಭಾಗ ಪೋಲಾಯಿತೆಂದು ಹಿಡಿದರೂ 96,000 ಲೀಟರ್ ಕೈಗೆ ಸಿಗುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ನಗರದ ಮಾನದಂಡದಂತೆ ನಾಲ್ವರ ಕುಟುಂಬಕ್ಕೆ ಇದು ಸುಮಾರು ಆರು ತಿಂಗಳ ನೀರು. ಅಷ್ಟನ್ನೂ ತೊಟ್ಟಿಯಲ್ಲಿ ಹಿಡಿದಿಡಲಾಗದು. ಮರಳು, ಜಲ್ಲಿಯ ಸೋಸುಗುಂಡಿಯ ಮೂಲಕ ಬಾವಿಗೋ ಕೊಳವೆಬಾವಿಗೋ ಇಳಿಸಿದರೆ ನೆಲವೇ ತೊಟ್ಟಿಯಾಗುತ್ತದೆ.

ಹಳೆಯ ಮನೆಗಳ ಹಿತ್ತಲಿನ ಬಾವಿಗಳನ್ನು ಕಸ ತುಂಬಿ ಮುಚ್ಚದೆ ಉಳಿಸಿಕೊಂಡವರು ಇಂದು ಜಾಣರೆನಿಸಿದ್ದಾರೆ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೀರು ಒದಗಿಸಲು ಟಿಳಕವಾಡಿಯಲ್ಲಿ ತೋಡಿದ ಬಾವಿ ಇಂದಿಗೂ ಇದೆ. ಈ ನೆಲದ ಬಾವಿ ಎಷ್ಟು ಬಾಳಿಕೆ ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಮನೆಯೊಳಗೆ ಸೋರುವ ನಲ್ಲಿಗೆ ವಾಷರ್ ಹಾಕಿಸುವುದು ಕೆಲವೇ ರೂಪಾಯಿಯ ಕೆಲಸ. ಕುಡಿಯುವ ನೀರಿಗೆ ಆರ್‌ಓ ಯಂತ್ರ ಕೊಳ್ಳುವ ಮೊದಲು ನೀರಿನ ಲವಣಾಂಶ ಅಳೆಸಬೇಕು. ಲೀಟರಿಗೆ 500 ಮಿಲಿಗ್ರಾಂ ತನಕದ ನೀರನ್ನು ಭಾರತೀಯ ಮಾನಕವೇ ಒಪ್ಪುತ್ತದೆ, ಅಂಥ ನೀರಿಗೆ ಸೋಸಿ ಕುದಿಸುವುದು ಅಥವಾ ಕಡಿಮೆ ಬೆಲೆಯ ಯುವಿ ಯಂತ್ರ ಸಾಕು. ಆರ್‌ಓ ಪ್ರತಿ ಲೀಟರಿಗೆ ಎರಡು ಮೂರು ಲೀಟರ್ ಚೆಲ್ಲುತ್ತದೆ. ಈಗಾಗಲೇ ಅದು ಇರುವ ಮನೆಯವರು ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸಬಹುದು.

ಓಡಾಟ ಮತ್ತು ಔಷಧ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಅನಗೋಳದಿಂದ ಪೇಟೆಗೆ, ಬೆಳಗಾವಿಯಿಂದ ಖಾನಾಪುರಕ್ಕೆ ಕೆಲಸಕ್ಕೆ ಹೋಗಿಬರುವ ಮಹಿಳೆಗೆ ಇದು ಪ್ರತಿ ತಿಂಗಳೂ ಕೈಗೆ ಸಿಗುವ ಉಳಿತಾಯ. ಗಂಡಸರಿಗೆ ಖಾನಾಪುರ ಮಾರ್ಗದಲ್ಲಿ ರೈಲಿನ ತಿಂಗಳ ಪಾಸು ಬೈಕಿನ ಪೆಟ್ರೋಲಿಗಿಂತ ಬಹಳ ಅಗ್ಗ. ಬೈಕೇ ಬೇಕಾದಾಗ ಚಕ್ರದ ಗಾಳಿ ಸರಿಯಿರಬೇಕು, ರೈಲ್ವೆ ಗೇಟ್ ಬಿದ್ದು ನಿಂತಾಗ ಎಂಜಿನ್ ಆರಿಸಬೇಕು. ಗೇಟುಗಳ ಊರಾದ ಬೆಳಗಾವಿಯಲ್ಲಿ ಈ ಒಂದು ರೂಢಿಯೇ ತಿಂಗಳಿಗೆ ಒಂದಿಷ್ಟು ಪೆಟ್ರೋಲ್ ಉಳಿಸುತ್ತದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಮನೆಯಲ್ಲಿ ಔಷಧ ಪ್ರತಿ ತಿಂಗಳ ಖರ್ಚು. ಜನೌಷಧಿ ಕೇಂದ್ರಗಳಲ್ಲಿ ಅದೇ ಅಂಶದ ಔಷಧ ಹೆಸರಾಂತ ಬ್ರ್ಯಾಂಡಿಗಿಂತ ಶೇ. 50ರಿಂದ 90ರಷ್ಟು ಕಡಿಮೆ ಬೆಲೆಗೆ ಸಿಗುತ್ತದೆ. ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆದುಕೊಡಿ ಎಂದು ವೈದ್ಯರನ್ನು ಕೇಳುವುದು ರೋಗಿಯ ಹಕ್ಕು, ಅದರಲ್ಲಿ ಸಂಕೋಚ ಬೇಡ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಆಸರೆ ಇದೆ. ಕಾರ್ಡನ್ನು ಆರೋಗ್ಯವಾಗಿರುವಾಗಲೇ ಮಾಡಿಸಿಡಬೇಕು.

ಉಳಿದ ಹಣ ಎಲ್ಲಿರಬೇಕು?

ಉಳಿದದ್ದು ಪರ್ಸಿನಲ್ಲೇ ಇದ್ದರೆ ತಿಂಗಳ ಕೊನೆಗೆ ಕರಗುತ್ತದೆ. ಖರ್ಚಾಗಿ ಮಿಕ್ಕದ್ದನ್ನು ಉಳಿಸುತ್ತೇನೆ ಎಂದವರ ಕೈಯಲ್ಲಿ ಮಿಗುವುದೇ ಇಲ್ಲ. ಸಂಬಳ ಬಂದ ದಿನವೇ ಒಂದು ಭಾಗ ಎತ್ತಿಟ್ಟು ಉಳಿದದ್ದರಲ್ಲಿ ತಿಂಗಳು ತೂಗಿಸಬೇಕು. ಗೃಹಲಕ್ಷ್ಮಿ ಯೋಜನೆಯಡಿ ಮನೆಯೊಡತಿಗೆ ತಿಂಗಳಿಗೆ ಬರುವ 2,000 ರೂಪಾಯಿಯಲ್ಲಿ 500 ರೂಪಾಯಿಯನ್ನಾದರೂ ಹೀಗೆ ತೆಗೆದಿಟ್ಟರೆ ವರ್ಷಕ್ಕೆ 6,000 ರೂಪಾಯಿ ಆಗುತ್ತದೆ, ಬೇಸಿಗೆಯ ಕಾಳುಕಡಿಗೆ ಅದೇ ಬಂಡವಾಳ.

ಬೆಳಗಾವಿಯ ಓಣಿಗಳಲ್ಲಿ ಹೆಣ್ಣುಮಕ್ಕಳ ಭಿಶಿ ಮನೆಮಾತು. ತಿಂಗಳಿಗಿಷ್ಟು ಎಂದು ಎಲ್ಲರೂ ಹಾಕಿ, ಸರದಿಯಂತೆ ಒಬ್ಬೊಬ್ಬರು ಒಟ್ಟು ಮೊತ್ತ ಎತ್ತುತ್ತಾರೆ. ಪರಿಚಿತರ ನಡುವೆ, ಸಣ್ಣ ಮೊತ್ತಕ್ಕೆ ಅದು ಒಳ್ಳೆಯ ಶಿಸ್ತು. ಮೊತ್ತ ದೊಡ್ಡದಾಗಿ ನಡೆಸುವವರ ಪರಿಚಯವೇ ಇಲ್ಲದಿದ್ದಾಗ ಅಪಾಯ ಹೆಚ್ಚು. ಸಹಕಾರದ ಪರಂಪರೆ ಈ ಭಾಗದ ಹೆಮ್ಮೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸಮೀಪದ ಕಣಗಿನಹಾಳದಲ್ಲಿ. ಹಾಗಿದ್ದರೂ ಒಂದು ವ್ಯತ್ಯಾಸ ತಿಳಿದಿರಬೇಕು. ಸಹಕಾರಿ ಬ್ಯಾಂಕು ಸೇರಿದಂತೆ ವಿಮೆಗೆ ಒಳಪಟ್ಟ ಬ್ಯಾಂಕುಗಳ ಠೇವಣಿಗೆ 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿ ತನಕ ವಿಮೆಯಿದೆ. ಪತ್ತಿನ ಸಹಕಾರ ಸಂಘ, ಸೊಸೈಟಿಗಳ ಠೇವಣಿಗೆ ಆ ವಿಮೆಯಿಲ್ಲ. ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಗೆ ಆಸೆಪಟ್ಟು ಜೀವಮಾನದ ಗಳಿಕೆಯನ್ನು ಒಂದೇ ಕಡೆ ಇಡಬಾರದು. ಅಂಚೆ ಕಚೇರಿಯ ಆವರ್ತಕ ಠೇವಣಿ ತಿಂಗಳಿಗೆ 100 ರೂಪಾಯಿಯಿಂದಲೇ ಆರಂಭಿಸಬಹುದು, ಅದರ ಅವಧಿ ಐದು ವರ್ಷ, ಹಣಕ್ಕೆ ಕೇಂದ್ರ ಸರ್ಕಾರವೇ ಹೊಣೆ.

ಎಲ್ಲ ಕಡಿತವೂ ಉಳಿತಾಯವಲ್ಲ. ಮಕ್ಕಳ ಹಾಲು, ಮೊಟ್ಟೆ, ಹಣ್ಣು, ಪುಸ್ತಕ, ಹಿರಿಯರ ಔಷಧ, ಇವುಗಳಲ್ಲಿ ಕೈ ಬಿಗಿಹಿಡಿದರೆ ಮುಂದೆ ಅದರ ಹತ್ತು ಪಟ್ಟು ತೆರಬೇಕಾಗುತ್ತದೆ. ಕಡಿಯಬೇಕಾದದ್ದು ಹಂಗಾಮು ತಪ್ಪಿ ಕೊಂಡದ್ದನ್ನು, ತೂಕ ನೋಡದೆ ತಂದದ್ದನ್ನು, ಬಳಸದೆ ಉರಿದ ಕರೆಂಟನ್ನು, ಹಿಡಿಯದೆ ಹರಿದ ನೀರನ್ನು. ಇಡೀ ಮನೆಯವರು ಕೂತು ತಿಂಗಳಿಗೊಮ್ಮೆ ಖರ್ಚಿನ ವಹಿ ಓದಬೇಕು, ಮಕ್ಕಳನ್ನೂ ಕೂರಿಸಿಕೊಳ್ಳಬೇಕು. ಮುಂದಿನ ತಿಂಗಳ ಒಂದನೇ ತಾರೀಖಿನಿಂದಲೇ ಇದನ್ನು ಆರಂಭಿಸಲು ಒಂದು ನೋಟ್‌ಬುಕ್ಕಿನ ಹೊರತು ಬೇರೆ ಯಾವ ಬಂಡವಾಳವೂ ಬೇಕಿಲ್ಲ.